ಸಂಜೆಯ ಮಾತ್ರೆ

“ಬೆಳಬೆಳಗ್ಗೆನೇ ಹಾಕ್ಕೊಂಡು ಬಂದಿದ್ದೀರೇನ್ರೀ?” ಅಂತ ಕೇಳೇಬಿಟ್ಟೆ.

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಾವಿಬ್ಬರೂ ಒಂದೇ ರೇಷ್ಮೆ ಚರಕದವರು. ಚಿಕ್ಕಬೀರಪ್ಪ ಕುದಿಯುವ ನೀರಿನೊಳಗಿನ ಗೂಡುಗಳಿಂದ ಎಳೆ ಎತ್ತಿಕೊಡಬೇಕು, ಎದುರಿಗೆ ನಾನು ಚಕ್ರ ತಿರುಗಿಸಬೇಕು. ಅವತ್ತು ತೂಕಡಿಸಿ ತೂಕಡಿಸಿ ಮೂರು ಸಲ ಎಳೆ ಕಡಿಸಿದ್ದ.

“ಕುಡಿದಿಲ್ಲ ಲಕ್ಕಮ್ಮ. ಈ ಹಬೆಗೆ ಉಬ್ಬಸ. ಸಂಜೆ ಡಾಕ್ಟರ ಮಾತ್ರೆ ನುಂಗಿದ್ರೆ ಉಸಿರು ಬರ್ತದೆ, ನಿದ್ದೆ ಹಾರೋಗ್ತದೆ.”

“ನಿದ್ದೆ ಬರದಿದ್ರೆ ಏನ್ಮಾಡ್ತೀರಾ?”

“ನಿನ್ನ ಬಳೆ ಎಣಿಸ್ತೀನಿ. ಎಂಟು.”

ಮರುದಿನ ಬೇಕೆಂದೇ ಒಂದು ಬಳೆ ತೆಗೆದಿಟ್ಟು ಹೋದೆ. “ಒಂದು ಒಡೀತಾ?” ಅಂದ, ತಲೆ ಎತ್ತದೆ. ಹಬೆಯಿತ್ತು ಸದ್ಯ, ನನ್ನ ಮುಖ ಯಾರಿಗೂ ಕಾಣಲಿಲ್ಲ.

ಚಿಕ್ಕಬೀರಪ್ಪನಿಗೆ ನನ್ನನ್ನು ಕೊಡಲು ಅಪ್ಪ ಅರೆಮನಸ್ಸಿನಿಂದ ಒಪ್ಪಿದ; ವೀಳ್ಯ ಬದಲಾಯಿಸಿ ಮದುವೆ ಗಟ್ಟಿಮಾಡುವುದಕ್ಕೆ ಶುಕ್ರವಾರ ಗೊತ್ತಾಯಿತು. ಹತ್ತೂವರೆಗೆ ರಾಹುಕಾಲ. ಅದರೊಳಗೆ ಗಂಡಿನವರು ವಿಜಯಪುರದಿಂದ ನಮ್ಮೂರಿಗೆ ಬರಬೇಕು. ದೇವನಹಳ್ಳಿಯ ಸೋದರಮಾವ ಪಿಳ್ಳಣ್ಣನಿಗೇ ನನ್ನನ್ನು ಕೊಡಬೇಕೆಂದು ಅಪ್ಪನ ಆಸೆ. “ಹೊತ್ತು ತಪ್ಪಿದ್ರೆ ವೀಳ್ಯ ಪಿಳ್ಳಣ್ಣನಿಗೆ” ಎಂದಿದ್ದ.

ಗುರುವಾರ ಚಿಕ್ಕಬೀರಪ್ಪನ ಕಣ್ಣು ಗುಳಿಬಿದ್ದಿತ್ತು.

“ನಾಲ್ಕು ದಿನದಿಂದ ರೆಪ್ಪೆ ಅಂಟಿಲ್ಲ. ಈ ಮುಖ ಹೊತ್ಕೊಂಡು ನಿಮ್ಮಪ್ಪನ ಮುಂದೆ ಹೆಂಗೆ ಕೂರ್ಲಿ? ಡಾಕ್ಟರು ನಿದ್ದೆ ಮಾತ್ರೆ ಕೊಟ್ಟವ್ರೆ.”

“ನುಂಗಿ, ಚೆನ್ನಾಗಿ ಮಲ್ಕೊಳ್ಳಿ” ಅಂದವಳು ನಾನೇ.

ಒಂದು ಸಾಲದೆಂದು ಎರಡು ನುಂಗಿದನಂತೆ. ಬೆಳಗ್ಗೆ ಅವರಮ್ಮ ನೀರು ಚಿಮುಕಿಸಿ ಅತ್ತರೂ ಏಳಲಿಲ್ಲವಂತೆ. ನಡುಮಧ್ಯಾಹ್ನ ಏದುಸಿರು ಬಿಡುತ್ತಾ ನಮ್ಮ ಬಾಗಿಲಿಗೆ ಬಂದಾಗ ವೀಳ್ಯದ ತಟ್ಟೆ ಪಿಳ್ಳಣ್ಣ ಮಾವನ ಕೈಯಲ್ಲಿತ್ತು.

“ಈಗ ಎದ್ಯೇನಪ್ಪಾ?” ಅಂದ ಅಪ್ಪ.

ಕೊಟ್ಟ ವೀಳ್ಯ ಹಿಂದಕ್ಕೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಮದುವೆಯಾಗಿ ವರ್ಷದ ಮೇಲೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿದೆ. ಒಂದೇ ಸೀಟು ಖಾಲಿ. ಕಿಟಕಿ ಪಕ್ಕ ಚಿಕ್ಕಬೀರಪ್ಪ.

ಪಕ್ಕದಲ್ಲಿ ಕೂತು ಕೇಳಿದೆ. “ಈಗ ನಿದ್ದೆ ಬರ್ತದಾ?”

“ಬರ್ತದೆ. ಹೊಸ ಡಾಕ್ಟರು ಬಂದವ್ರೆ. ಉಬ್ಬಸದ ಮಾತ್ರೆ ಸಂಜೆ ಬೇಡ, ಬೆಳಗ್ಗೆ ತಗೋ ಅಂದ್ರು. ಅಷ್ಟೇ.”

ಅಷ್ಟೇ!

ಅವನ ಕಣ್ಣು ನನ್ನ ಕೈಗೆ ಬಂತು. ತುಟಿ ಅಲುಗಿತು. ಎಣಿಸುತ್ತಿದ್ದ. ಎಣಿಸುತ್ತಲೇ ರೆಪ್ಪೆ ಮುಚ್ಚಿ, ತಲೆ ನನ್ನ ಭುಜಕ್ಕೆ ವಾಲಿತು. ಗಂಡನ ಊರು ಬರುವವರೆಗೂ ನಾನು ಅಲುಗಾಡಲಿಲ್ಲ.

“ದೇವನಹಳ್ಳಿ! ಏನಮ್ಮ, ಯಜಮಾನ್ರನ್ನ ಎಬ್ಬಿಸಮ್ಮ” ಎಂದ ಕಂಡಕ್ಟರ್.

ಬಳೆ ಸದ್ದಾಗದಂತೆ ಹಿಡಿದುಕೊಂಡು ಅವನ ತಲೆಯನ್ನು ಕಿಟಕಿಗೆ ಒರಗಿಸಿದೆ.

“ಅವ್ರು ವಿಜಯಪುರದವ್ರು. ಅಲ್ಲಿ ಎಬ್ಬಿಸಿ” ಅಂದೆ. “ಮೆಲ್ಲಗೆ.”