ದನಿತ್ಸ ಹಡಗಿನ ಕೊನೆಯ ಕಪ್ತಾನ

ಒರೆಬಿಚ್ ಬಂದರಿನ ಕಟ್ಟೆಯ ಮೇಲೆ, ಹತ್ತು ಜನರ ಎದುರಿಗೆ, ಹಡಗಿನ ಒಡೆಯ ಒರ್ಸಾತ್ ಆ ಮಾತು ಹೇಳಿದ. "ಭಾವ, ನಿಮಗೂ ವಯಸ್ಸಾಯ್ತು. ಇದೊಂದ್ಸಲ ಹೋಗಿ ಬನ್ನಿ, ಆಮೇಲೆ ದನಿತ್ಸ ನನ್ನ ಅಳಿಯ ಜೂರೊಗೆ. ನೀವು ಅಂಜೂರದ ಗಿಡಕ್ಕೆ ನೀರು ಹಾಕ್ಕೊಂಡು ಮನೇಲಿ ಆರಾಮಾಗಿರಿ."

ನಕ್ಕ ಮುಖಗಳನ್ನೆಲ್ಲ ಕಪ್ತಾನ ಬಾಲ್ದೊ ನೆನಪಿಟ್ಟುಕೊಂಡ. ಇಪ್ಪತ್ತೆರಡು ವರ್ಷ ಆ ಹಾಯಿಹಡಗನ್ನು ನಡೆಸಿದವನು ಅವನು. ಈ ಒರ್ಸಾತ್ ಹೆಂಡತಿಯ ತಮ್ಮನಾಗದಿದ್ದರೆ ಅಲ್ಲೇ ಎರಡು ಬಿಗಿಯುತ್ತಿದ್ದ. ಜೂರೊ ಅಂತೂ ಉಗಿಹಡಗಿನಲ್ಲಿ ಕಲಿತು ಬಂದ ಪೋರ, ಹಾಯಿ ಬಿಚ್ಚಲೂ ಬಾರದವನು. ಅವನ ಕೈಗೆ ಬೀಳುವ ಬದಲು ದನಿತ್ಸ ಸಮುದ್ರದ ತಳ ಸೇರಲಿ. ತನ್ನ ಹೆಸರಿಗೆ ಮಾತ್ರ ಮಸಿ ಹತ್ತಬಾರದು.

ಡಾಂಬರು ಬಳಿಯಲು ಹಡಗನ್ನು ದಡಕ್ಕೆಳೆದಿದ್ದಾಗ, ಕೆಲಸದವರು ಊಟಕ್ಕೆ ಹೋದ ಹೊತ್ತು ನೋಡಿ, ತನ್ನ ಕೋಣೆಯ ನೆಲದಡಿ ಮೂರು ತೂತು ಕೊರೆದು ಬೆಣೆ ಜಡಿದ. ಜಾಗವನ್ನೂ ಆರಿಸಿದ: ಲಾಸ್ತೊವೊ ದ್ವೀಪದ ದೀಪಸ್ತಂಭದ ಕೆಳಗಿನ ಬಂಡೆಗಳು. ಅಲ್ಲಿನ ಕಾವಲುಗಾರರ ದೋಣಿ ಸದಾ ಸಿದ್ಧವಿರುತ್ತದೆ. ಒಬ್ಬ ಸತ್ತರೂ ವಿಚಾರಣೆ, ಎಲ್ಲರೂ ಬದುಕಿದರೆ ಸನ್ಮಾನ. ಬಾಲ್ದೊ ಲೆಕ್ಕಾಚಾರದ ಮನುಷ್ಯ.

ಎಲ್ಲವೂ ಅಂದುಕೊಂಡಂತೆ ನಡೆಯಿತು. ತೆಂಕಣ ಗಾಳಿ ಎದ್ದ ಬೆಳಿಗ್ಗೆ ಬೆಣೆಗಳನ್ನು ಕಿತ್ತ, ಹಡಗನ್ನು ಬಂಡೆಗೆ ತಾಗಿಸಿದ. ಕಾವಲುಗಾರರು ಹಗ್ಗ ಎಸೆದು ಐವರು ನಾವಿಕರನ್ನೂ ಎಳೆದುಕೊಂಡರು. ಕೊನೆಗೆ ಇಳಿದವನು ಕಪ್ತಾನ. ಹಿರಿಯ ನಾವಿಕ ವ್ಲಾಹೊ ಅವನ ಕೈ ಹಿಡಿದು ಅತ್ತ. "ನೀವಿಲ್ದಿದ್ರೆ ನಮ್ಮ ಹೆಣಾನೂ ಸಿಗ್ತಿರ್ಲಿಲ್ಲ, ಕಪ್ತಾನ್ರೇ." ಬಾಲ್ದೊಗೆ ಹೇಸಿಗೆಯಾಯಿತು, ಆದರೂ ಬೆನ್ನು ತಟ್ಟಿದ.

ಭಾನುವಾರ, ಬದುಕಿ ಬಂದ ನಾವಿಕರು ಊರಿನ ಪದ್ಧತಿಯಂತೆ ಬರಿಗಾಲಲ್ಲಿ ಗುಡ್ಡದ ಮೇಲಿನ ಮೇರಿಮಾತೆಯ ಇಗರ್ಜಿಗೆ ನಡೆದರು. ಬಾಗಿಲಲ್ಲಿ ಒರ್ಸಾತ್ ಬಾಲ್ದೊನ ಎರಡೂ ಕೈ ಹಿಡಿದುಕೊಂಡ. "ಹಡಗು ಹೋದ್ರೆ ಹೋಗ್ಲಿ ಭಾವ, ನೀವು ಉಳಿದ್ರಲ್ಲ." ಬಾಲ್ದೊ ತಲೆ ತಗ್ಗಿಸಿ, ಒಳಗೊಳಗೇ ನಕ್ಕ.

ದನಿತ್ಸದ ಕಪ್ತಾನನ ಕೋಣೆಯಲ್ಲಿ, ಎಲ್ಲ ಹಡಗುಗಳಲ್ಲಿರುವಂತೆ, ನಾವಿಕರನ್ನು ಕಾಯುವ ಸಂತ ನಿಕೊಲನ ಪಟ ತೂಗುತ್ತಿತ್ತು; ಅದನ್ನು ಪೀಠದ ಮೇಲಿಡಲು ಪಾದ್ರಿ ಬಾಗಿಲಲ್ಲೇ ಕೇಳಿದರು. "ನೀರು ನುಗ್ತಿದ್ದಾಗ ಅದನ್ನ ತರೋಕೆ ನಾನೂ ಕಪ್ತಾನ್ರ ಕೋಣೆಗೆ ಓಡಿದ್ದೆ," ಎಂದ ವ್ಲಾಹೊ, "ಮೊಳೆ ಮಾತ್ರ ಇತ್ತು. ಕಪ್ತಾನ್ರೇ ಎದೆಗವಚಿಕೊಂಡು ಬಂದಿರ್ಬೇಕು ಅಂದ್ಕೊಂಡೆ." ಅಷ್ಟರಲ್ಲಿ ಬಾಲ್ದೊನ ಹೆಂಡತಿ ಲೂತ್ಸೆ ಜನರನ್ನು ಸರಿಸಿಕೊಂಡು ಮುಂದೆ ಬಂದಳು, ಕೈಯಲ್ಲಿ ಬಟ್ಟೆ ಸುತ್ತಿದ ಪಟ. "ಒಂದು ಹನಿ ನೀರೂ ತಾಗಿಲ್ಲ, ನೋಡಿ ಸ್ವಾಮಿ. ಹೊರಡೋ ಹಿಂದಿನ ದಿನಾನೇ ಇವ್ರು ಮನೆಗೆ ತಂದು ಪೆಟ್ಟಿಗೇಲಿಟ್ಟಿದ್ರು. ಇವತ್ತು ಸಿಕ್ತು." ಹಡಗು ಮುಳುಗಿಸಲು ಅಂಜದ ಬಾಲ್ದೊಗೆ ಸಂತನನ್ನು ಮುಳುಗಿಸಲು ಧೈರ್ಯ ಬಂದಿರಲಿಲ್ಲ, ಅದನ್ನವನು ಯೋಜನೆಯ ಭಾಗವೆಂದು ಎಣಿಸಿಯೂ ಇರಲಿಲ್ಲ. ಆದರೆ ಆ ತೀರದಲ್ಲಿ, ಮುಳುಗುವ ಹಡಗಿನಿಂದಲ್ಲದೆ ಬೇರೆ ಯಾವ ಹಡಗಿನಿಂದಲೂ ಯಾರೂ ಸಂತನನ್ನು ಕೆಳಗಿಳಿಸುವುದಿಲ್ಲ. ಒರ್ಸಾತ್ ಅವನ ಕೈಗಳನ್ನು ಬಿಟ್ಟ.