ಆ ಎರಡು ವಿಮಾನಗಳ ನಡುವೆ

ಮಹದೇವ್ ಅವಳ ಹೆಡ್‌ಸೆಟ್ಟಿನ ವಯರನ್ನು ಕಿತ್ತೇ ಬಿಟ್ಟ.

ಕಿವಿಯಲ್ಲಿದ್ದ ಪೈಲಟ್‌ಗಳ ದನಿಯೆಲ್ಲ ಒಮ್ಮೆಗೇ ಸತ್ತುಹೋಯಿತು. ರಂಜಿನಿ ತಿರುಗಿ ನೋಡಿದಳು. ಬೇರೆ ಊರಿನಿಂದ ವರ್ಗವಾಗಿ ಬಂದು, ಆವತ್ತೇ ಅವಳ ಪಕ್ಕದ ಕುರ್ಚಿಯಲ್ಲಿ ಕೂತವನು. ಹೆಸರು ಬಿಟ್ಟರೆ ಅವನ ಬಗ್ಗೆ ಅವಳಿಗೆ ಏನೂ ಗೊತ್ತಿಲ್ಲ.

"ಇನ್ನು ಮಾತಾಡ್ಬೇಡಿ," ಎಂದ. ಕಣ್ಣು ರಡಾರ್ ಪರದೆಯ ಮೇಲೇ ಇತ್ತು.

ಪರದೆಯಲ್ಲಿ ಎರಡು ಚುಕ್ಕೆಗಳು ಒಂದರ ಮೇಲೊಂದು ಬಂದು... ನಿಧಾನವಾಗಿ ಬೇರೆಯಾದವು. ಎರಡು ವಿಮಾನ. ಎರಡರ ತುಂಬ ಜನ. ಎಲ್ಲರೂ ಉಳಿದರು.

ರೂಮಿಗೆ ರೂಮೇ ಅವಳನ್ನು ನೋಡುತ್ತಿತ್ತು. 'ಇಷ್ಟು ಜನರ ಮುಂದೆ... ನನ್ನ ವಯರ್ ಕೀಳೋಕೆ ಇವನ್ಯಾರು?'

ನಡೆದದ್ದು ಇಷ್ಟು. ಆ ಸಂಜೆ ನಗರದ ಪಶ್ಚಿಮಕ್ಕೆ ದೊಡ್ಡ ಮಳೆಮೋಡ ಎದ್ದಿತ್ತು. ಅದನ್ನು ತಪ್ಪಿಸಲು ವಿಮಾನಗಳೆಲ್ಲ ಒಂದೇ ಇಕ್ಕಟ್ಟಿನ ದಾರಿಗೆ ನುಗ್ಗಿದವು. ಎರಡು ತೀರಾ ಹತ್ತಿರ ಬಂದವು. ಹಾಗಾದಾಗ ವಿಮಾನಗಳೊಳಗಿನ ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಎನ್ನುತ್ತವೆ. ಪೈಲಟ್ "ಆರ್‌ಎ" ಎಂದನೆಂದರೆ ಯಂತ್ರದ ಮಾತು ಕೇಳುತ್ತಿದ್ದಾನೆ ಎಂದರ್ಥ. ಆಮೇಲೆ ಕೆಳಗೆ ರಡಾರ್ ಮುಂದೆ ಕೂತು ದಾರಿ ಹೇಳುವ ರಂಜಿನಿಯಂಥವರು ಆ ವಿಮಾನಕ್ಕೆ ಏರು, ಇಳಿ ಎನ್ನುವಂತಿಲ್ಲ. ಅಂದುಬಿಟ್ಟರೆ ಪೈಲಟ್ ಯಾರ ಮಾತು ಕೇಳಬೇಕು? ಅಲ್ಲೇ ಸಾವು.

ರಂಜಿನಿ ಅಂದಿದ್ದಳು. ಏರುತ್ತಿದ್ದವನಿಗೆ ಇಳಿ ಅಂದಿದ್ದಳು. ಮತ್ತೆ ಇನ್ನೂ ಜೋರಾಗಿ ಅಂದಿದ್ದಳು. ಮೂರನೇ ಸಲಕ್ಕೆ ಬಾಯಿ ತೆರೆಯುವಷ್ಟರಲ್ಲಿ ವಯರ್ ಇರಲಿಲ್ಲ.

ನಿಯಮ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವಳು ಬೆಳೆದದ್ದು ಲಗ್ಗೆರೆಯಲ್ಲಿ, ಅಪ್ಪ ಅಂಜಿನಯ್ಯನ ಮನೆಯಲ್ಲಿ. ಅಪ್ಪನ ಕಿವಿಯನ್ನು ಪೀಣ್ಯದ ಲೇತ್ ಮಿಷನ್ನುಗಳು ತಿಂದುಹಾಕಿದ್ದವು. ಕೇಳದಿದ್ದರೆ ಮತ್ತೆ ಕೂಗಬೇಕು. ಸುಮ್ಮನಾದರೆ ಕೈಬಿಟ್ಟ ಹಾಗೆ. ಗಾಬರಿಯಲ್ಲಿ ಪುಸ್ತಕದ ನಿಯಮ ಹಿಂದೆ ಉಳಿಯಿತು, ಮನೆಯ ಅಭ್ಯಾಸ ಬಾಯಿಗೆ ಬಂತು.

ಅವಳನ್ನು ಸೀಟಿನಿಂದ ಇಳಿಸಿದರು. ಮಹದೇವ್ ವಿಚಾರಣೆಯಲ್ಲಿ ಒಂದಕ್ಷರ ಬಿಡದೆ ಹೇಳಿದನೆಂದು ತಿಳಿದಾಗ ಮೈ ಉರಿಯಿತು. 'ತಪ್ಪೇನೂ ಆಗ್ಲಿಲ್ಲ ಅಂದಿದ್ರೆ ಇವನ ಗಂಟೇನು ಹೋಗ್ತಿತ್ತು?'

ಬೀದಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಪಕ್ಕದ ಮನೆಯ ಹನುಮಕ್ಕ ಬಂದು ಕೂತಳು. ಅತ್ತಿಗುಪ್ಪೆಯಲ್ಲೊಂದು ಗಂಡಿದೆ, ಸ್ವಂತ ಮನೆ, ಹುಡುಗಿ ಕೆಲಸ ಬಿಟ್ಟರೆ ಸಾಕಂತೆ ಎಂದಳು. ಹೆಣ್ಣುಮಕ್ಕಳಿಗೆ ವಿಮಾನದ ಸಹವಾಸ ಯಾಕೆ ಬೇಕಿತ್ತು ಎಂದೂ ಸೇರಿಸಿದಳು. ಥೂ, ಇಂಥ ಬಾಯಿಗಳು! ಗಂಡಸು ತಪ್ಪಿದರೆ ಅದು ತಪ್ಪು ಅಷ್ಟೆ. ಹೆಣ್ಣು ತಪ್ಪಿದರೆ ಮಾತ್ರ ಅವಳು ಹುಟ್ಟಿದ್ದೇ ತಪ್ಪು!

ಅಮ್ಮ ಮುನಿತಾಯಮ್ಮ ಒಪ್ಪಿಕೋ ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ.

"ನಾನು ಆ ಸೀಟಿಗೆ ವಾಪಸ್ ಹೋಗ್ತೀನಿ ಕಣಮ್ಮ," ಎಂದಳು ರಂಜಿನಿ. "ಆಮೇಲೆ ಬೇರೆ ಮಾತು."

ವಿಚಾರಣೆ ಮುಗಿಸಿ ಮತ್ತೆ ತರಬೇತಿ, ಮತ್ತೆ ಪರೀಕ್ಷೆ ಎಂದರು. ಫೇಲಾದರೆ ರಡಾರ್ ಕೆಲಸ ಇನ್ನಿಲ್ಲ. ತರಬೇತಿಯಲ್ಲಿ ನಿಜವಾದ ವಿಮಾನ ಇರುವುದಿಲ್ಲ. ಪಕ್ಕದ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರು ಪೈಲಟ್ ಆಗಿ ಮಾತಾಡುತ್ತಾರೆ. ಹೆಡ್‌ಸೆಟ್ ಹಾಕಿಕೊಂಡಳು.

ಕೇಳಿದ್ದು ಮಹದೇವನ ದನಿ!

ಅವನು "ಆರ್‌ಎ" ಎಂದ. ಅವಳ ಬಾಯಿ ತಾನಾಗಿ ತೆರೆದು ಮತ್ತೆ ಇಳಿ ಎಂದುಬಿಟ್ಟಿತು. ಪರದೆಯ ಮೇಲೆ ಎರಡು ಚುಕ್ಕೆಗಳು ಒಂದಾದವು... ಬೇರೆಯಾಗಲೇ ಇಲ್ಲ.

ಎದ್ದವಳೇ ಪಕ್ಕದ ಕೋಣೆಗೆ ನುಗ್ಗಿದಳು. "ಮಜಾ ತಗೋತಾ ಇದೀರಾ? ಸೀಟಿಂದ ಇಳಿಸಿದ್ದು ಸಾಲ್ಲಿಲ್ವಾ ನಿಮಗೆ?"

ಮಹದೇವ್ ಎದ್ದು ನಿಂತ. ಮುಖದಲ್ಲಿ ನಗುವಿರಲಿಲ್ಲ.

"ಸುಳ್ಳು ಹೇಳಿ ನಿಮ್ಮನ್ನ ಉಳಿಸ್ಬೋದಿತ್ತು ರಂಜಿನಿ. ಇನ್ನೊಂದಿನ ಮತ್ತೆ ಇದೇ ಆಗಿದ್ರೆ? ಅಷ್ಟು ಜನ ಹೋದ್ಮೇಲೆ ನೀವು ಬದುಕ್ತಿದ್ರಾ?"

ರಂಜಿನಿ ಎದುರಿನ ಕುರ್ಚಿಯಲ್ಲಿ ಕೂತಳು.

"ನೀವು ವಾಪಸ್ ಬರ್ಬೇಕು," ಎಂದ, ದನಿ ಇಳಿಸಿ. "ಯಾರ ದಯೆಯಿಂದ್ಲೂ ಅಲ್ಲ. ಗೆದ್ದು ಬರ್ಬೇಕು."

ಇಡೀ ಬೀದಿ ಬಿಟ್ಟುಬಿಡು ಎನ್ನುತ್ತಿದೆ. ಬಾ ಎಂದವನು ಇವನೊಬ್ಬನೇ... ರಂಜಿನಿಯ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಮತ್ತೆ ಶುರು ಮಾಡಿ," ಎಂದಳು.

ಅಂದಿನಿಂದ ಹಟ ಹಿಡಿದು ಕೂತಳು. ಬಾಯಿ ತೆರೆದುಕೊಂಡಾಗೆಲ್ಲ ಮೊದಲಿಂದ ಶುರು. ತನ್ನ ವಾರದ ರಜೆಗಳನ್ನೆಲ್ಲ ಮಹದೇವ್ ಈ ಕೋಣೆಗೇ ಸುರಿಯುತ್ತಿದ್ದಾನೆ ಎಂದು ತರಬೇತುದಾರ ಕಶ್ಯಪ್ ಸಾರ್ ಹೇಳಿದಾಗ ಅವಳ ಎದೆ ಝಲ್ಲೆಂದಿತು. ಆದರೂ ಅವನ ಮುಂದೆ ತೋರಿಸಿಕೊಳ್ಳಲಿಲ್ಲ. 'ಮೊದಲು ಸೀಟು.'

ನಿಧಾನವಾಗಿ ಅವಳಿಗೆ ಅರ್ಥವಾಯಿತು. ಸುಮ್ಮನಿರುವುದೆಂದರೆ ಕೈಬಿಡುವುದಲ್ಲ. ಆ ಎರಡನ್ನು ಯಂತ್ರಕ್ಕೆ ಬಿಟ್ಟು, ಉಳಿದ ವಿಮಾನಗಳು ಅವುಗಳ ದಾರಿಗೆ ಬರದಂತೆ ಸರಿಸಬೇಕು. ಅದೇ ಕಾಯುವುದು.

ಪರೀಕ್ಷೆಯ ದಿನ ಪರದೆಯ ತುಂಬ ವಿಮಾನ ಬಿಟ್ಟರು. ಎರಡು ಚುಕ್ಕೆಗಳು ಹತ್ತಿರವಾದವು. "ಆರ್‌ಎ" ಎಂಬ ದನಿ ಬಂತು. ತುಟಿ ಕಚ್ಚಿದಳು. ಒಪ್ಪಿಗೆಯ ಒಂದೇ ಮಾತು ಹೇಳಿ, ಹಿಂದೆ ಬರುತ್ತಿದ್ದ ಮೂರನೆಯದನ್ನು ಪಕ್ಕಕ್ಕೆ ತಿರುಗಿಸಿದಳು. ಒಂದು ಏರಿತು... ಒಂದು ಇಳಿಯಿತು... ನಡುವೆ ಆಕಾಶ ಬಿಚ್ಚಿಕೊಂಡಿತು.

ಪಾಸ್.

ಅಲ್ಲಿಂದಲೇ ಮನೆಗೆ ಫೋನ್ ಮಾಡಿ, ಅತ್ತಿಗುಪ್ಪೆಯವರಿಗೆ ಬೇಡವೆಂದು ಹೇಳಿಬಿಡಲು ಅಮ್ಮನಿಗೆ ತಿಳಿಸಿದಳು. ಸೀಟಿಗೆ ವಾಪಸ್ ಹೋಗುತ್ತಿರುವುದನ್ನು ಕೇಳಿ ಮುನಿತಾಯಮ್ಮ ಅತ್ತಳು. ಬೇಡವೆಂದು ತಾನೇ ಹೇಳುತ್ತೇನೆ ಎಂದಳು.

ರಂಜಿನಿ, ಮಹದೇವ್ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಗೊರಗುಂಟೆಪಾಳ್ಯದಲ್ಲಿ ಇಳಿದರು. ಅವನ ಮನೆಯಿರುವ ಸುಂಕದಕಟ್ಟೆ ಕಡೆಯ ಬಸ್ಸು ಬಂತು. ಮಹದೇವ್ ಹತ್ತಲಿಲ್ಲ.

"ನಾಳೆ ಪಕ್ಕದ ಸೀಟಲ್ಲಿ ನೀವೇ ಇರ್ತೀರಾ?" ಎಂದು ಕೇಳಿದಳು.

"ಸದ್ಯಕ್ಕೆ ಇರ್ತೀನಿ." ಅವನು ರಸ್ತೆ ನೋಡುತ್ತ ಹೇಳಿದ. "ಆದ್ರೆ... ಗಂಡ ಹೆಂಡ್ತೀನ ಒಂದೇ ಶಿಫ್ಟಿಗೆ ಹಾಕಲ್ವಂತೆ."

ಬಸ್ಸು ಹೊಗೆ ಬಿಟ್ಟು ಹೊರಟುಹೋಯಿತು.

"ಹಾಕೋದು ಬೇಡ ಬಿಡಿ," ಎಂದಳು. "ಪಕ್ಕದ ಸೀಟಲ್ಲಿ ಯಾರಾದ್ರೂ ಇರ್ಲಿ. ಮನೇಲಿ ಮಾತ್ರ ನಂಗೆ ನೀವೇ ಬೇಕು."