ಜಾಗ ಬದಲಿಸಿದ ಬಲ್ಬು

“ಆ ಬಲಗಡೆ ಬಲ್ಬಿಗಿ ಕೈ ಹಚ್ಚಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ,” ಎಂದಳು ಕಮಲಾಪುರದ ಅಂಬಮ್ಮ. “ದಾಯಾದೇರು ಮಾಟ ಮಾಡಿಸಿ, ದೆವ್ವ ಬಿಟ್ಟು ನಮ್ಮ ಸೊಸಿ ಗಂಟಲ ಹಿಡಿಸಿದ್ರು. ಮಂತ್ರದಾವ ಅದನ್ನ ಆ ಬಲ್ಬಿನಾಗ ಕಟ್ಟಿ ಹಾಕ್ಯಾನ. ಜಾಗಾ ಬಿಡಿಸಬಾರದಂತ.”

ಖಂಡೆಪ್ಪ ಹೊಟ್ಟೆ ಹಿಡಿದು ನಕ್ಕ. “ಬಲ್ಬಿನಾಗ ಗಾಳಿನೇ ಇರಂಗಿಲ್ಲ ಅಮ್ಮಾರ. ಪಾಪ, ದೆವ್ವ ಉಸರ ಹೆಂಗ ಆಡ್ತದ?”

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಮೂರು ವರ್ಷ. ಹೈದರಾಬಾದಿನಲ್ಲಿ ರೇಡಿಯೊ ರಿಪೇರಿ ಕಲಿತು, ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಈ ಪುಣ್ಯಾತ್ಮನಿಗೆ ವಿದ್ಯೆಗಿಂತ ಒಂದು ಗೇಣು ಹೆಚ್ಚೇ ಜಂಬ. ಗ್ರಾಮಫೋನಿನ ಆಂಪ್ಲಿಫೈಯರು ಹಾಡಿನ ನಡುವೆ ಚರಚರ ಎನ್ನುತ್ತದೆಂದು ಅವನನ್ನು ಕರೆಸಿದ್ದು ಅಂಬಮ್ಮನ ಗಂಡ ಜಗದೇವಪ್ಪ. ಆತ ಹೊಲಕ್ಕೆ ಹೋಗಿದ್ದ.

ಖಂಡೆಪ್ಪ ಬ್ಯಾಟರಿಗೆ ತಂತಿ ಜೋಡಿಸಿದ. ಆಂಪ್ಲಿಫೈಯರಿನ ಪೆಟ್ಟಿಗೆಯೊಳಗಿನ ಜೋಡಿ ಬಲ್ಬು, ಅಂದರೆ ವಾಲ್ವುಗಳು, ಕೆಂಪಗೆ ಹೊತ್ತಿಕೊಂಡವು. ಬಲಗಡೆಯದರಲ್ಲಿ ಮಾತ್ರ ನೀಲಿ ಬೆಳಕು ಮಿಣುಕಿತು. ಕೂದಲು ಸುಟ್ಟ ವಾಸನೆ ಬಂತು. ಪೆನ್ಸಿಲಿನಿಂದ ತಟ್ಟಿದರೆ ಚರಚರ. ತಂತಿ ಕಿತ್ತು ಎರಡರ ಜಾಗ ಅದಲುಬದಲು ಮಾಡಿದ. ರಿಪೇರಿಯವರ ಕಟ್ಟಳೆಯೇ ಅದು: ದೋಷ ಬಲ್ಬಿನ ಹಿಂದೆ ಹೋದರೆ ಬಲ್ಬು ಕೆಟ್ಟಿದೆ, ಹಳೆಯ ಜಾಗದಲ್ಲೇ ಉಳಿದರೆ ಪೆಟ್ಟಿಗೆ ಕೆಟ್ಟಿದೆ. ನೀಲಿ ಮಿಣುಕು ಬಲ್ಬಿನ ಜೊತೆಗೇ ಎಡಕ್ಕೆ ಬಂತು.

“ಬಲ್ಬೇ ಕೆಟ್ಟದ. ನನ್ನ ರೇಡಿಯೊಕ್ಕ ಹಚ್ಚಿ ಇನ್ನೊಮ್ಮಿ ನೋಡ್ತೀನಿ.” ಅಂಬಮ್ಮ ಬೇಡ ಬೇಡವೆಂದು ಅಳುತ್ತಿದ್ದರೂ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಮನೆಯಲ್ಲಿ ಹೆಂಡತಿ ಪುತಳಾಬಾಯಿ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು. ಆ ದನಿಗೆ ಸೋತೇ ಅವನು ಅವಳ ಕೈ ಹಿಡಿದದ್ದು. ಬಲ್ಬನ್ನು ತನ್ನ ರೇಡಿಯೊಕ್ಕೆ ಕೂಡಿಸಿದ. ನೀಲಿ ಮಿಣುಕು. ಕೂದಲು ಸುಟ್ಟ ವಾಸನೆ. ಚರಚರ. “ನಾ ಹೇಳಿಲ್ಲೇನು!” ಎಂದು ಬೀಗಿದ. ಅಷ್ಟರಲ್ಲಿ ರೇಡಿಯೊ ಸುಮ್ಮನಾಯಿತು. ಹಾಡು ನಿಂತಿತು. ರೊಟ್ಟಿ ಬಡಿಯುವ ಸದ್ದೂ ನಿಂತಿತು.

ಪುತಳಾಬಾಯಿ ಎರಡೂ ಕೈಯಿಂದ ಗಂಟಲು ಹಿಡಿದುಕೊಂಡಿದ್ದಳು. ತೆರೆದ ಬಾಯಿಂದ ಹೊರಟದ್ದು ಚರಚರ.

“ಏನಾತು? ಪುತಳಾ, ಏನಾತು?”

ಚರಚರ. ಬಲ್ಬು ಕಿತ್ತ. ಬೆರಳು ಸುಟ್ಟವು. ನಿಲ್ಲಲಿಲ್ಲ. ರೇಡಿಯೊದ ತಂತಿ ಕಿತ್ತ. ನಿಲ್ಲಲಿಲ್ಲ. ಅವಳ ತುಟಿ ನೀಲಿಗಟ್ಟುತ್ತಿತ್ತು. ಅಯ್ಯೋ, ಏನು ಮಾಡಿಬಿಟ್ಟೆ! ಪಕ್ಕದ ಮನೆಯ ಮೆಹಬೂಬಿಯನ್ನು ಅವಳ ಬಳಿ ಕೂರಿಸಿ, ಬಲ್ಬನ್ನು ಹಿಡಿದುಕೊಂಡು ಕಮಲಾಪುರದ ಕಡೆ ಹೊರಟಿದ್ದ ಲಾರಿ ಹತ್ತಿದ.

“ತಪ್ಪಾತ್ರಿ ಅಮ್ಮಾರ! ಇದ್ದಲ್ಲೇ ಕೂಡಿಸ್ತೀನಿ!”

ಎರಡೂ ಬಲ್ಬು ಮೊದಲಿನ ಜಾಗಕ್ಕೆ ಬಂದವು. ತಂತಿ ಜೋಡಿಸಿದ. ಹಾಡು ಬಂತು, ನಿಚ್ಚಳವಾಗಿ. ನೀಲಿ ಇಲ್ಲ. ವಾಸನೆ ಇಲ್ಲ. ಪೆನ್ಸಿಲಿನಿಂದ ತಟ್ಟಿದ. ಮತ್ತೆ ತಟ್ಟಿದ. ಚಕಾರವಿಲ್ಲ.

“ಹೋತು! ನಮ್ಮ ಮನಿ ಬಿಟ್ಟು ಹೋತು!” ಅಂಬಮ್ಮ ಕೈಮುಗಿದು ಅತ್ತಳು.

ಖಂಡೆಪ್ಪನಿಗೆ ಈಗ ಅರ್ಥವಾಯಿತು. ದೋಷ ಬಲ್ಬಿನ ಹಿಂದೆ ಬಂದಿರಲಿಲ್ಲ. ಅದು ಅಲ್ಲೇ ಉಳಿದಿತ್ತು, ಪುತಳಾಬಾಯಿಯ ಗಂಟಲಲ್ಲಿ.

ಹೊಲದಿಂದ ಬಂದ ಜಗದೇವಪ್ಪ ಹೊಸ್ತಿಲಲ್ಲೇ ನಿಂತು ಹಾಡು ಕೇಳಿದ. “ಭಾಳ ಛಲೋ ರಿಪೇರಿ ಮಾಡೀರಿ, ಮಾಸ್ತರ!”

ಖಂಡೆಪ್ಪ ಬಲ್ಬನ್ನು ತಟ್ಟುತ್ತಲೇ ಇದ್ದ. “ಒಮ್ಮಿ ಚರ್ ಅನ್ನು,” ಎಂದು ಅಳುತ್ತಿದ್ದ. “ನಿನ್ನ ಕಾಲಿಗಿ ಬೀಳ್ತೀನಿ, ಒಮ್ಮಿ ಅನ್ನು.”